ಮೈಬಣ್ಣವನ್ನು ದೂರುವ ಮೊದಲು: ನಕಲು ತೈಲಚಿತ್ರದ ಮುಖದಲ್ಲಿ ದೋಷ ಹುಡುಕುವ ಬಗೆ

ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಗೆ ಭಾನುವಾರಗಳಂದು ಯಾರಾದರೊಬ್ಬರು ಹಳೆಯ ಪಂಚೆಯಲ್ಲಿ ಸುತ್ತಿದ ಕ್ಯಾನ್ವಾಸ್ ಹಿಡಿದು ಬರುತ್ತಾರೆ. ಬಿಚ್ಚಿದರೆ ಒಳಗೆ ಒಂದು ಮುಖ. ಹೆಚ್ಚಾಗಿ ರವಿವರ್ಮನ ಯಾವುದಾದರೂ ಚಿತ್ರದ ನಕಲು. ದೂರು ಬಹುತೇಕ ಒಂದೇ: "ಎಲ್ಲ ಸರಿಯಾಗಿದೆ, ಮೈಬಣ್ಣ ಮಾತ್ರ ಕೂಡಿಬರುತ್ತಿಲ್ಲ."

ಹಾಗೆ ಬಂದ ಕ್ಯಾನ್ವಾಸ್‌ಗಳಲ್ಲಿ ಮೈಬಣ್ಣವೇ ನಿಜವಾದ ದೋಷವಾಗಿದ್ದುದು ತೀರ ಅಪರೂಪ. ಮಾಳಿಗೆ ಸೋರುವ ಮನೆಯಲ್ಲಿ ನೀರು ಒಂದು ಗೋಡೆಯಲ್ಲಿ ಒಸರಿದರೆ ಬಿರುಕು ಇನ್ನೆಲ್ಲೋ ಇರುತ್ತದೆ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಮುಂದಿನ ಮಳೆಗೆ ಕಲೆ ಮತ್ತೆ ಮೂಡುತ್ತದೆ. ತೈಲವರ್ಣದ ಮುಖವೂ ಹಾಗೆಯೇ. ದೋಷ ಕಣ್ಣಿಗೆ ಬೀಳುವುದು ಬಣ್ಣದಲ್ಲಿ, ಹುಟ್ಟಿದ್ದು ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ. ನೆರಳು-ಬೆಳಕು ತಪ್ಪಿದಾಗ ಬಣ್ಣ ತಪ್ಪಿದಂತೆ ಕಾಣುತ್ತದೆ. ಮೂಗು ಜಾರಿದಾಗ ಕೆನ್ನೆಯ ನೆರಳು ತಪ್ಪಿದಂತೆ ಕಾಣುತ್ತದೆ. ಬಣ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಬಳಿದ ಲೇಪ ಎಣ್ಣೆ ಕುಡಿದಾಗ ಕೂದಲಿನ ಕಪ್ಪು ಬೂದಿಯಾದಂತೆ ಕಾಣುತ್ತದೆ.

ಆದ್ದರಿಂದ ಮೊದಲು ಕುಂಚ ಕೆಳಗಿಡಿ. ಕೆಳಗಿನ ಮೆಟ್ಟಿಲಿನಿಂದ ಪರೀಕ್ಷಿಸುತ್ತಾ ಮೇಲೆ ಬನ್ನಿ: ಆಕರ ಚಿತ್ರ, ಕೋಣೆಯ ಬೆಳಕು, ರೇಖೆ, ನೆರಳು-ಬೆಳಕಿನ ಮಟ್ಟ, ಅಂಚು, ಕೊನೆಗೆ ಬಣ್ಣ. ಒಂದು ಮೆಟ್ಟಿಲು ಸರಿಯಿದೆ ಎಂದು ಖಚಿತವಾಗುವ ತನಕ ಮುಂದಿನದಕ್ಕೆ ಹೋಗಬೇಡಿ. ಬಣ್ಣ ಆರುವುದಿಲ್ಲ, ಸುಕ್ಕುಗಟ್ಟುತ್ತದೆ, ಮಂಕಾಗುತ್ತದೆ ಎಂಬ ದೂರುಗಳ ದಾರಿ ಬೇರೆ. ಅವುಗಳಿಗೆ ಕೊನೆಯಲ್ಲಿ ಬರುತ್ತೇನೆ.

ಆಕರ ಚಿತ್ರವೇ ಮೋಸ ಮಾಡುತ್ತಿದೆಯೇ?

ನಮ್ಮ ಊರಿನಲ್ಲಿ ಈ ದೋಷಕ್ಕೆ ಒಂದು ವಿಶೇಷ ರೂಪವಿದೆ. ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿಗೆ ಹೋದವರೆಲ್ಲ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರದ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಬೆರಳುಗಳ ಸಂದಿನಿಂದ ಹಾಯುವ ಆ ಕೆಂಬೆಳಕನ್ನು ಕಂಡು ನಕಲು ಮಾಡುವ ಆಸೆ ಹುಟ್ಟುತ್ತದೆ. ಬಹಳ ಮಂದಿ ಅದನ್ನು ರವಿವರ್ಮನ ತೈಲಚಿತ್ರವೆಂದು ನಂಬಿದ್ದಾರೆ. ಅದು ರವಿವರ್ಮನದಲ್ಲ, ತೈಲವರ್ಣವೂ ಅಲ್ಲ. ಎಸ್. ಎಲ್. ಹಲ್ದಂಕರ್ ಅವರು 1945-46ರ ಸುಮಾರಿಗೆ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣ ಅದು. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ.

ದೋಷ ಪತ್ತೆಗೆ ಈ ವಿಷಯ ಏಕೆ ಮುಖ್ಯ ಎಂದರೆ, ಜಲವರ್ಣದಲ್ಲಿ ಬೆಳಕು ಬರುವುದು ಕಾಗದದ ಬಿಳುಪಿನಿಂದ. ತೆಳುವಾದ ಬಣ್ಣದ ಮೂಲಕ ಕಾಗದವೇ ಹೊಳೆಯುತ್ತದೆ. ತೈಲದಲ್ಲಿ ಬೆಳಕನ್ನು ದಪ್ಪ ಬಣ್ಣದಿಂದ ಮೇಲೆ ಕಟ್ಟಬೇಕು. ಬಿಳಿ ಬೆರೆಸಿ ಬೆರಳಿನ ಆ ಕೆಂಪನ್ನು ತರಲು ಹೊರಟರೆ ಸಿಗುವುದು ಗುಲಾಬಿ ಸುಣ್ಣ. ಇದು ಕಲಿಯುವವರ ಕೈಯ ತಪ್ಪಲ್ಲ, ಆಯ್ಕೆಯ ತಪ್ಪು. ತೈಲ ಕಲಿಯುವುದಿದ್ದರೆ ತೈಲಚಿತ್ರವನ್ನೇ ನಕಲು ಮಾಡಿ.

ಅದೇ ಗ್ಯಾಲರಿಯಲ್ಲಿ ರವಿವರ್ಮನ 'ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್' ಇದೆ, 1889ರ ಸುಮಾರಿನದು. ಬೇರೆ ಬೇರೆ ಪ್ರಾಂತ್ಯಗಳ ಉಡುಗೆ ತೊಟ್ಟ ಹನ್ನೊಂದು ಹೆಂಗಸರು ಒಟ್ಟಿಗೆ ಕುಳಿತು ನಿಂತಿರುವ ಚಿತ್ರ. ನಾನು ಕಲಿತದ್ದು ಅದರ ಒಂದೇ ಒಂದು ಮುಖದಿಂದ. ಇಡೀ ಚಿತ್ರಕ್ಕೆ ಕೈ ಹಾಕಬೇಡಿ. ಒಂದು ಮುಖ, ಒಂದು ಕೊರಳು, ಹೆಚ್ಚೆಂದರೆ ಸೆರಗಿನ ಒಂದು ಮಡಿಕೆ ಸಾಕು.

ಮನೆಯಲ್ಲಿ ಕುಳಿತು ನಕಲು ಮಾಡುವಾಗ ಕಣ್ಣ ಮುಂದಿರುವುದು ಮುದ್ರಿತ ಪ್ರತಿ ಅಥವಾ ಮೊಬೈಲ್ ಪರದೆ. ಮುದ್ರಣದಲ್ಲಿ ನೆರಳಿನ ಭಾಗ ಒಂದೇ ಕಪ್ಪಾಗಿ ಹೂತುಹೋಗಿರಬಹುದು. ಪರದೆಯಲ್ಲಿ ಅದೇ ನೆರಳು ಬೆಳ್ಳಗೆ ಹೊಳೆಯಬಹುದು. ಪರೀಕ್ಷೆ ಸರಳ. ಒಂದೇ ಚಿತ್ರದ ಮೂರು ಬೇರೆ ಬೇರೆ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕತ್ತಿನ ನೆರಳನ್ನಷ್ಟೇ ನೋಡಿ. ಮೂರೂ ಮೂರು ಬಗೆಯಾಗಿದ್ದರೆ ನಿಮ್ಮ ಆಕರವನ್ನು ಅಕ್ಷರಶಃ ನಂಬಬೇಡಿ. ಮೊಬೈಲಿನಲ್ಲಿ ಪ್ರಕಾಶ ತಾನಾಗಿ ಬದಲಾಗುವ ಸೌಲಭ್ಯವನ್ನೂ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನೂ ನಿಲ್ಲಿಸಿ. ಮೈಸೂರು, ಮಂಡ್ಯದವರಿಗೆ ಇರುವ ಭಾಗ್ಯವೆಂದರೆ ಮೂಲಚಿತ್ರ ಹತ್ತಿರದಲ್ಲೇ ಇದೆ. ಪುಟ್ಟ ಪುಸ್ತಕವೊಂದನ್ನು ಹಿಡಿದು ಹೋಗಿ, "ಕೆನ್ನೆಯ ಅತಿ ಬೆಳಕು ಸೆರಗಿನ ಬಿಳಿಗಿಂತ ಎಷ್ಟು ಕಡಿಮೆ? ಕತ್ತಿನ ನೆರಳು ಕೂದಲಿಗೆ ಎಷ್ಟು ಹತ್ತಿರ?" ಎಂಬಂಥ ಪ್ರಶ್ನೆಗಳಿಗೆ ಅಲ್ಲಿಯೇ ನಿಂತು ಉತ್ತರ ಬರೆದುಕೊಂಡು ಬನ್ನಿ. ಸುಮಾರು ಇಪ್ಪತ್ತರ ಹರೆಯದ ರವಿವರ್ಮ ತಿರುವಾಂಕೂರಿನ ಅರಮನೆಗೆ 1868ರಲ್ಲಿ ಬಂದ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿಯೇ ತೈಲದ ಪಾಠ ಹಿಡಿದವನು. ನೋಡುವುದು ಅರ್ಧ ಕಲಿಕೆ.

ಕೋಣೆಯ ಬೆಳಕು

ನನ್ನ ಮೊದಲ ನಕಲಿನ ಕಥೆ ಹೇಳಲೇಬೇಕು. ಹಗಲು ಕೆಲಸವಿದ್ದುದರಿಂದ ರಾತ್ರಿ ಊಟವಾದ ಮೇಲೆ ಹಳದಿ ಬಲ್ಬಿನ ಕೆಳಗೆ ಮೊಬೈಲ್ ಪರದೆ ನೋಡಿಕೊಂಡು ಎರಡು ವಾರ ಬರೆದೆ. ರಾತ್ರಿ ನೋಡಿದರೆ ಮುಖ ಜೀವಂತ. ಒಂದು ಬೆಳಿಗ್ಗೆ ಕಿಟಕಿ ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಮುಖ ನೀಲಿ ತಿರುಗಿ, ಜೀವ ಹೋದವರ ಮುಖದಂತಿತ್ತು. ನಾಲ್ಕು ಬಾರಿ ಕೆನ್ನೆಯನ್ನು ಕೆರೆದು ಮತ್ತೆ ಬರೆದೆ, ಅದೂ ಅದೇ ಬಲ್ಬಿನ ಕೆಳಗೆ. ನಾಲ್ಕು ಬಾರಿಯೂ ಬೆಳಿಗ್ಗೆ ಅದೇ ನೀಲಿ.

ಕಾರಣ ತಿಳಿದಾಗ ಬಹಳ ಸರಳವೆನಿಸಿತು. ಪರದೆ ತನ್ನ ಬೆಳಕಿನಿಂದಲೇ ಹೊಳೆಯುತ್ತದೆ, ಕೋಣೆಯ ಬಲ್ಬು ಅದರ ಬಣ್ಣವನ್ನು ಬದಲಿಸುವುದಿಲ್ಲ. ಕ್ಯಾನ್ವಾಸ್ ಮಾತ್ರ ಹಳದಿ ಬೆಳಕಿನಲ್ಲಿ ಮಿಂದು ಇರುವುದಕ್ಕಿಂತ ಬೆಚ್ಚಗೆ ಕಾಣುತ್ತದೆ. ಎರಡನ್ನೂ ಹೊಂದಿಸಲು ಹೋದ ಕೈ ತನಗೆ ಗೊತ್ತಿಲ್ಲದೆ ಬಣ್ಣವನ್ನು ತಣ್ಣಗಾಗಿಸುತ್ತಾ ಹೋಗುತ್ತದೆ. ಹಗಲಿನಲ್ಲಿ ಆ ತಂಪೆಲ್ಲ ಹೊರಬೀಳುತ್ತದೆ. ಪರೀಕ್ಷೆ ಹೀಗೆ: ಪ್ಯಾಲೆಟ್ ಮೇಲೆ ಕಲಸಿದ ಮೈಬಣ್ಣವನ್ನು ಒಂದು ಬಿಳಿ ಕಾರ್ಡಿನ ಮೇಲೆ ಬಳಿದು ದೀಪದ ಕೆಳಗೊಮ್ಮೆ, ಹಗಲಿನ ಕಿಟಕಿಯ ಬಳಿಯೊಮ್ಮೆ ನೋಡಿ. ಎರಡು ಕಡೆ ಎರಡು ಬಣ್ಣವಾದರೆ ದೋಷ ದೀಪದ್ದು. ರಾತ್ರಿಯೇ ಬರೆಯಬೇಕಾದವರು ಪರದೆ ಬಿಟ್ಟು ಮುದ್ರಿತ ಪ್ರತಿಯನ್ನು ಕ್ಯಾನ್ವಾಸಿನ ಪಕ್ಕದಲ್ಲೇ, ಅದೇ ದೀಪದ ಕೆಳಗೆ ಇಟ್ಟುಕೊಳ್ಳಿ. ದೀಪವೂ ಹಗಲುಬೆಳಕಿನ ಬಿಳಿಯದಾಗಿರಲಿ.

ಇನ್ನು ಉತ್ತರದ ಕಿಟಕಿ. ಚಿತ್ರಕಾರನ ಕೋಣೆಗೆ ಉತ್ತರದ ಬೆಳಕು ಬೇಕು, ಅದು ದಿನವಿಡೀ ಬದಲಾಗುವುದಿಲ್ಲ ಎಂದು ಯುರೋಪಿನ ಪುಸ್ತಕಗಳು ಹೇಳುತ್ತವೆ. ಅಲ್ಲಿ ಅದು ನಿಜ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಜೂನ್ ತಿಂಗಳ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಗೇ ಬರುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಕೆನ್ನೆ ಸಂಜೆ ಕೆಂಪಾಯಿತು ಎಂಬ ದೂರು ಬೇಸಿಗೆಯಲ್ಲಿ ಬಂದರೆ ಮೊದಲು ಕಿಟಕಿಯನ್ನು ನೋಡಿ. ತೆಳುವಾದ ಬಿಳಿ ಮಲ್ ಬಟ್ಟೆ ಅಥವಾ ಟ್ರೇಸಿಂಗ್ ಕಾಗದವನ್ನು ಕಿಟಕಿಗೆ ಕಟ್ಟಿದರೆ ಸಾಕು.

ಹೋಲಿಕೆ ಬರುತ್ತಿಲ್ಲ

"ಯಾರೋ ಅಕ್ಕನ ಹಾಗೆ ಕಾಣುತ್ತಾಳೆ, ಅವಳ ಹಾಗಲ್ಲ" ಎಂಬ ದೂರಿನಲ್ಲಿ ರೇಖೆಯ ದೋಷವಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಮುಖದಲ್ಲಿ ಎರಡು ಮಿಲಿಮೀಟರ್ ಎಂದರೆ ಬಹಳ ದೂರ. ಸೀರೆಯ ಅಂಚು ಬೆರಳಗಲ ಜಾರಿದರೂ ಯಾರಿಗೂ ತಿಳಿಯದು, ಕಣ್ಣಿನ ಒಳಮೂಲೆ ಎಳ್ಳುಕಾಳಿನಷ್ಟು ಜಾರಿದರೆ ವ್ಯಕ್ತಿಯೇ ಬದಲಾಗುತ್ತಾಳೆ.

ಮೂರು ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದು ಕನ್ನಡಿ. ಕ್ಯಾನ್ವಾಸಿಗೆ ಬೆನ್ನು ಹಾಕಿ ನಿಂತು ಹೆಗಲ ಮೇಲಿಂದ ಕೈಗನ್ನಡಿಯಲ್ಲಿ ನೋಡಿ. ದಿನಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ಸೊಟ್ಟಗಿರುವುದೂ ನೆಟ್ಟಗೆ ಕಾಣುತ್ತಿರುತ್ತದೆ. ಕನ್ನಡಿ ಆ ರೂಢಿಯನ್ನು ಒಮ್ಮೆಲೇ ಮುರಿಯುತ್ತದೆ, ಮುಖ ಯಾವ ಕಡೆ ವಾಲಿದೆ ಎಂಬುದು ಮೊದಲ ನೋಟದಲ್ಲೇ ಗೊತ್ತಾಗುತ್ತದೆ. ಎರಡನೆಯದು ತಲೆಕೆಳಗು. ಆಕರವನ್ನೂ ಕ್ಯಾನ್ವಾಸನ್ನೂ ತಿರುಗಿಸಿ ನಿಲ್ಲಿಸಿ. ಆಗ ಕಣ್ಣು, ಮೂಗು ಎಂಬ ಹೆಸರುಗಳು ಮರೆಯಾಗಿ ಆಕಾರಗಳಷ್ಟೇ ಉಳಿಯುತ್ತವೆ.

ಮೂರನೆಯದು ತೂಗುದಾರ. ಗಾರೆ ಕೆಲಸದವರು ಗೋಡೆ ನೋಡುವಂತೆ ದಾರಕ್ಕೊಂದು ಸಣ್ಣ ಭಾರ ಕಟ್ಟಿ ಆಕರದ ಮುಂದೆ ಹಿಡಿಯಿರಿ. ಕಣ್ಣಿನ ಒಳಮೂಲೆಯಿಂದ ಇಳಿದ ದಾರ ಮೂಗಿನ ಹೊಳ್ಳೆಯ ಎಲ್ಲಿ ಹಾಯುತ್ತದೆ, ಬಾಯಿಯ ಕೊನೆಗೆ ಎಷ್ಟು ಹತ್ತಿರ ಬರುತ್ತದೆ ಎಂದು ಗುರುತಿಸಿ. ನಂತರ ಕ್ಯಾನ್ವಾಸಿನ ಮುಂದೆಯೂ ಅದನ್ನೇ ಮಾಡಿ. ಕುಂಚದ ಹಿಡಿಯನ್ನು ಅಡ್ಡಲಾಗಿ ಹಿಡಿದು ಎರಡು ಕಣ್ಣುಗಳ ಗೆರೆಯ ಓರೆಯನ್ನೂ ತುಟಿಯ ಗೆರೆಯ ಓರೆಯನ್ನೂ ಹೋಲಿಸಿ.

ಇಷ್ಟಾದರೂ ದೋಷ ಸಿಗದಿದ್ದರೆ ಮಾತ್ರ ಪಾರದರ್ಶಕ ಹಾಳೆಗೆ ಬನ್ನಿ. ಆಕರವನ್ನು ಕ್ಯಾನ್ವಾಸಿನ ಮುಖದ ಅಳತೆಗೇ ಮುದ್ರಿಸಿ, ಗೆರೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ ನಿಮ್ಮ ಚಿತ್ರದ ಮೇಲಿಟ್ಟು ನೋಡಿ. ಇದನ್ನು ಮೊದಲೇ ಮಾಡಿದರೆ ಕಣ್ಣು ಪಳಗುವುದಿಲ್ಲ. ಮೊದಲು ಊಹಿಸಿ, "ಎಡಗಣ್ಣು ಮೇಲಿದೆ" ಎಂದು ಬರೆದಿಟ್ಟುಕೊಂಡು, ಆಮೇಲೆ ಹಾಳೆಯಿಟ್ಟು ಊಹೆ ನಿಜವೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಎಲ್ಲಿ ಹುಡುಕಬೇಕು ಎಂಬುದಕ್ಕೂ ಒಂದು ಅಂದಾಜಿದೆ. ಕಲಿಯುವವರು ಕಣ್ಣುಗಳನ್ನು ದೊಡ್ಡದಾಗಿ, ತಲೆಯಲ್ಲಿ ತೀರ ಮೇಲಕ್ಕೆ ಬರೆಯುತ್ತಾರೆ. ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣಿನ ಗೆರೆ ಸುಮಾರು ನಡುವೆ ಬರುತ್ತದೆ. ಹಣೆ ಮತ್ತು ತಲೆಗೂದಲಿಗೆ ನಾವು ಯಾವಾಗಲೂ ಜಾಗ ಕಡಿಮೆ ಕೊಡುತ್ತೇವೆ. ಮುಕ್ಕಾಲು ಮುಖ ತಿರುಗಿದ ಚಿತ್ರವಾದರೆ ದೂರದ ಕಣ್ಣನ್ನು ನೋಡಿ. ಎರಡು ಕಣ್ಣುಗಳೂ ಸಮವೆಂದು ಮನಸ್ಸು ಹೇಳುತ್ತದೆ, ಕೈ ಅದನ್ನೇ ಬರೆಯುತ್ತದೆ. ವಾಸ್ತವದಲ್ಲಿ ದೂರದ ಕಣ್ಣು ಕಿರಿದು, ಅದರ ಹೊರಮೂಲೆ ಕೆಲವೊಮ್ಮೆ ಮುಖದ ಬಾಗಿನಲ್ಲಿ ಮರೆಯಾಗಿಯೇ ಇರುತ್ತದೆ. ನನ್ನ ಆ ನೀಲಿ ಮುಖದಲ್ಲಿ ಬಲ್ಬು ಬದಲಿಸಿದ ಮೇಲೂ ಉಳಿದ ಅಸಮಾಧಾನಕ್ಕೆ ಕಾರಣ ಇದೇ ಆಗಿತ್ತು. ದೂರದ ಕಣ್ಣನ್ನು ಎರಡೂವರೆ ಮಿಲಿಮೀಟರ್ ಕಿರಿದು ಮಾಡಿದಾಗ, ನಾಲ್ಕು ಬಾರಿ ಕೆರೆದಿದ್ದ ಕೆನ್ನೆ ಏನೂ ಮಾಡದೆ ಸರಿಹೋಯಿತು.

ರೇಖೆಯ ದೋಷ ಸಿಕ್ಕಿದ ಮೇಲೆ ದಯವಿಟ್ಟು ಮುಲಾಜು ಬೇಡ. ಚೆನ್ನಾಗಿ ಬಂದ ಕಣ್ಣು ತಪ್ಪು ಜಾಗದಲ್ಲಿದ್ದರೆ ಅದು ಚೆನ್ನಾಗಿ ಬಂದ ಕಣ್ಣಲ್ಲ. ಹಸಿಯಾಗಿದ್ದರೆ ಚಾಕುವಿನಿಂದ ಕೆರೆದು ತೆಗೆಯಿರಿ. ಸುತ್ತಲಿನದನ್ನು ಅದಕ್ಕೆ ಹೊಂದಿಸಲು ಹೋದರೆ ಇಡೀ ಮುಖ ಜಾರುತ್ತದೆ.

ಮುಖ ಚಪ್ಪಟೆಯಾಗಿದೆ, ಕೊಳಕಾಗಿದೆ

ಇದೇ ಅತಿ ಸಾಮಾನ್ಯವಾದ ದೋಷ. ಇದಕ್ಕೇ ಅತಿ ಹೆಚ್ಚು ಬಣ್ಣ ಹಾಳಾಗುತ್ತದೆ. ಮೊದಲ ಪರೀಕ್ಷೆ ಪುಕ್ಕಟೆ. ಆಕರ ಮತ್ತು ಕ್ಯಾನ್ವಾಸ್ ಎರಡನ್ನೂ ಪಕ್ಕಪಕ್ಕ ಇಟ್ಟು, ಚಿತ್ರದ ಎತ್ತರಕ್ಕಿಂತ ಮೂರು ಪಟ್ಟು ದೂರ ನಿಂತು, ರೆಪ್ಪೆಗಳು ಹೆಚ್ಚುಕಡಿಮೆ ಮುಚ್ಚುವಷ್ಟು ಕಣ್ಣು ಕಿರಿದಾಗಿಸಿ. ವಿವರಗಳೆಲ್ಲ ಕರಗಿ ಬೆಳಕಿನ ತುಂಡು, ನೆರಳಿನ ತುಂಡು ಎರಡೇ ಉಳಿಯಬೇಕು. ಆಕರದಲ್ಲಿ ಹಾಗೆ ಎರಡು ಭಾಗವಾಗಿ ಕಂಡು, ನಿಮ್ಮ ಚಿತ್ರದಲ್ಲಿ ಹತ್ತು ಚೂರುಗಳಾಗಿ ಕಂಡರೆ ದೋಷ ಸಿಕ್ಕಿತು. ಎರಡನೆಯದು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಮೊಬೈಲಿನಿಂದ ಕಪ್ಪುಬಿಳುಪಾಗಿ ತೆಗೆಯುವುದು. ಬಣ್ಣ ಹೋದ ಮೇಲೂ ನಿಮ್ಮ ಚಿತ್ರ ತಪ್ಪಾಗಿ ಕಂಡರೆ, ಇಲ್ಲಿಯವರೆಗೆ ದೂರುತ್ತಿದ್ದ ಮೈಬಣ್ಣ ನಿರಪರಾಧಿ.

ಸಾಮಾನ್ಯವಾಗಿ ಸಿಗುವುದು ಇವು. ಕಣ್ಣಿನ ಬಿಳಿಯನ್ನು ಬಿಳಿಯಾಗಿಯೇ ಬರೆದಿರುತ್ತಾರೆ. ಕಣ್ಣಿನ ಗುಂಡು ರೆಪ್ಪೆಯ ನೆರಳಿನಲ್ಲಿ ಹುದುಗಿರುತ್ತದೆ, ಅದರ ಬಿಳಿ ಎಷ್ಟೋ ಸಲ ಕೆನ್ನೆಯ ಬೆಳಕಿಗಿಂತ ಕಪ್ಪು. ಅದನ್ನು ಬೂದುಕಂದಿಗೆ ಇಳಿಸಿದ ಕೂಡಲೇ ನೋಟಕ್ಕೆ ಆಳ ಬರುತ್ತದೆ. ದವಡೆಯ ಕೆಳಗೆ ಸೆರಗಿನಿಂದ ಮರಳಿ ಬರುವ ಬೆಳಕನ್ನು ಕಂಡ ಸಂತೋಷಕ್ಕೆ ಅದನ್ನು ಕೆನ್ನೆಯಷ್ಟೇ ಬೆಳ್ಳಗೆ ಬರೆದಿರುತ್ತಾರೆ. ಅದು ನೆರಳಿನೊಳಗಿನ ಬೆಳಕು, ನೆರಳಿನ ಮನೆಯಲ್ಲೇ ಇರಬೇಕು. ಮೂಗಿನ ತುದಿ, ಕೆನ್ನೆ, ಹಣೆ, ಗದ್ದ ನಾಲ್ಕಕ್ಕೂ ಒಂದೇ ಹೊಳಪು ಕೊಟ್ಟಿರುತ್ತಾರೆ. ಅವುಗಳಲ್ಲಿ ಒಂದೇ ಅತಿ ಬೆಳಕು.

ನಮ್ಮ ಗೋಧಿಬಣ್ಣದ, ಕಂದುಬಣ್ಣದ ಮುಖಗಳಿಗೆ ಇನ್ನೊಂದು ಮಾತಿದೆ. ಬಿಳಿಯ ಕ್ಯಾನ್ವಾಸಿನ ಮೇಲೆ ನೇರವಾಗಿ ಬರೆಯತೊಡಗಿದರೆ ಸರಿಯಾದ ಕಂದು ಕೂಡ ಸುತ್ತಲಿನ ಬಿಳಿಯ ಎದುರು ಕರಿಯಾಗಿ ಕಾಣುತ್ತದೆ. ಕೈ ಹೆದರಿ ಬಿಳಿ ಬೆರೆಸುತ್ತದೆ. ಹಿನ್ನೆಲೆ ತುಂಬಿದ ಮೇಲೆ ಮುಖ ಸುಣ್ಣದಂತೆ ಎದ್ದು ನಿಲ್ಲುತ್ತದೆ. ಪರಿಹಾರ, ಮುಖಕ್ಕೆ ಮೊದಲು ಇಡೀ ಕ್ಯಾನ್ವಾಸಿಗೆ ಅಂಬರ್ ಕಂದನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕರಗಿಸಿ ಬಳಿದು ಒರೆಸಿ ಆರಲು ಬಿಡುವುದು. ಆ ನಡುಮಟ್ಟದ ಮೇಲೆ ನೆರಳೂ ಬೆಳಕೂ ತಮ್ಮ ತಮ್ಮ ನಿಜವಾದ ತೂಕದಲ್ಲಿ ಕಾಣುತ್ತವೆ.

ಅಂಚು

ಮುಖ ಕತ್ತರಿಸಿ ಅಂಟಿಸಿದಂತಿದ್ದರೆ ಎಲ್ಲ ಅಂಚುಗಳೂ ಒಂದೇ ಹರಿತವಾಗಿವೆ ಎಂದರ್ಥ. ಕೂದಲು ಹಣೆಗೆ ಸೇರುವ ಕಡೆ, ನೆರಳಿನ ಬದಿಯ ದವಡೆ ಹಿನ್ನೆಲೆಗೆ ಸೇರುವ ಕಡೆ ಒಣಗಿದ ಮೆತ್ತನೆಯ ಕುಂಚದಿಂದ ಹಸಿಬಣ್ಣದ ಮೇಲೆ ಒಮ್ಮೆ ಹಗುರವಾಗಿ ಎಳೆಯಿರಿ. ರೆಪ್ಪೆಯ ನೆರಳು, ಹೊಳ್ಳೆ, ತುಟಿಗಳ ನಡುವಿನ ಗೆರೆಯ ಒಂದೆರಡು ಬಿಂದು, ಇಷ್ಟು ಹರಿತವಾಗಿ ಉಳಿದರೆ ಸಾಕು.

ಈಗ ಬಣ್ಣ

ಇಲ್ಲಿಯವರೆಗೆ ಎಲ್ಲವೂ ಸರಿಯಿದ್ದು ಮುಖ ಇನ್ನೂ ಸತ್ತಂತಿದ್ದರೆ ಟ್ಯೂಬುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಳ್ಳಿ. 'ಫ್ಲೆಶ್ ಟಿಂಟ್' ಎಂದು ಬರೆದ ಟ್ಯೂಬ್ ಇದ್ದರೆ ಬದಿಗಿಡಿ. ಯಾರದೋ ಗುಲಾಬಿ ಚರ್ಮಕ್ಕಾಗಿ ಕಲಸಿದ ಬಣ್ಣ ಅದು. ನಮ್ಮ ಮುಖಗಳಿಗೆ ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಒಂದು ಬೆಚ್ಚನೆಯ ಕೆಂಪು, ಒಂದಿಷ್ಟು ಅಲ್ಟ್ರಾಮರೀನ್ ನೀಲಿ ಅಥವಾ ಐವರಿ ಕಪ್ಪು, ಜೊತೆಗೆ ಬಿಳಿ ಸಾಕು. ಓಕರ್ ಮತ್ತು ಐವರಿ ಕಪ್ಪು ಸೇರಿ ಕೊಡುವ ಮಂದ ಹಸುರು ಗದ್ದ, ಕತ್ತಿನ ನಡುಛಾಯೆಗೆ ಎಷ್ಟು ಒಪ್ಪುತ್ತದೆ ಎಂಬುದನ್ನು ಒಮ್ಮೆ ಕಲಸಿ ನೋಡಿ.

ಆಮೇಲೆ ಬಿಳಿಯ ಟ್ಯೂಬನ್ನು ತಿರುಗಿಸಿ ವರ್ಣದ್ರವ್ಯದ ಸಂಖ್ಯೆ ಓದಿ. ಪಿಡಬ್ಲ್ಯು 6 ಎಂದಿದ್ದರೆ ಟೈಟೇನಿಯಂ. ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರ ಕೈಯಲ್ಲಿ ಟೈಟೇನಿಯಂ ಇರಲಿಲ್ಲ, ಅದು ಕಲಾವಿದರ ಬಣ್ಣವಾಗಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ತೈಲದಲ್ಲಿ ಅವರ ಕಾಲದ ಮುಖ್ಯ ಬಿಳಿ ಸೀಸದ್ದು. ಅದು ಬೆಚ್ಚಗೆ, ಅರೆಪಾರದರ್ಶಕ, ಬೇರೆ ಬಣ್ಣವನ್ನು ನುಂಗದ ಗುಣದ್ದು. ಟೈಟೇನಿಯಂ ತಣ್ಣಗೆ, ಗಟ್ಟಿ, ಬೆರೆಸಿದ ಬಣ್ಣವನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಹಳೆಯ ಚಿತ್ರವೊಂದನ್ನು ಇಂದಿನ ಬಿಳಿಯಿಂದ ನಕಲು ಮಾಡಿದಾಗ ಮುಖಕ್ಕೆ ಸುಣ್ಣದ ಛಾಯೆ ಬರಲು ಇದೊಂದು ನಿಜವಾದ ಕಾರಣ. ಸೀಸ ವಿಷ, ಮನೆಯಲ್ಲಿ ಅದನ್ನು ಬಳಸಿ ಎಂದು ನಾನು ಹೇಳಲಾರೆ. ಟೈಟೇನಿಯಂ ಬಿಳಿಗೆ ಮೊದಲೇ ಚಿಟಿಕೆ ಓಕರ್ ಸೇರಿಸಿ ಕಲಸಿಟ್ಟುಕೊಳ್ಳಿ, ನೀವು ಅಭ್ಯಾಸದಿಂದ ಹಾಕುವ ಬಿಳಿಯಲ್ಲಿ ಅರ್ಧವನ್ನಷ್ಟೇ ಹಾಕಿ. ಪಿಡಬ್ಲ್ಯು 4 ಎಂದರೆ ಜಿಂಕ್. ತೈಲದಲ್ಲಿ ಅದರ ಪದರ ಕಾಲಕ್ರಮೇಣ ಪೆಡಸಾಗಿ ಬಿರಿಯುತ್ತದೆ, ಬೇಡ.

ನೆರಳು ಕೆಸರಾಗಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಅದರಲ್ಲಿ ಬಿಳಿ ಸೇರಿದೆಯೇ? ಕೆನ್ನೆಗೆ ಬಳಸಿದ ಕುಂಚದಲ್ಲೇ ನೆರಳಿಗೆ ಹೋದರೆ ಬಿಳಿ ತಾನಾಗಿ ಹೋಗಿ ಸೇರುತ್ತದೆ. ಬೆಳಕಿಗೊಂದು, ನೆರಳಿಗೊಂದು ಎಂದು ಎರಡು ಕುಂಚ ಇಟ್ಟುಕೊಳ್ಳಿ. ನೆರಳು ತೆಳುವಾಗಿರಲಿ, ಬೆಳಕು ದಪ್ಪಗಿರಲಿ. ಒಂದು ಮಿಶ್ರಣಕ್ಕೆ ಮೂರು ಬಣ್ಣಕ್ಕಿಂತ ಹೆಚ್ಚು ಬೇಡ. ಬಣ್ಣ ಸರಿಯಾಗಿದೆಯೇ ಎಂದು ನೋಡಲು ಚಾಕುವಿನ ತುದಿಯಲ್ಲಿ ಅದನ್ನು ತೆಗೆದು, ಪ್ಲಾಸ್ಟಿಕ್ ಹಾಳೆ ಹೊದಿಸಿದ ಮುದ್ರಿತ ಪ್ರತಿಯ ಮೇಲೆಯೇ ಹಿಡಿದು ಹೋಲಿಸಿ.

ಬಣ್ಣದ ಮೈಯ ದೋಷಗಳು

ಮಂಡ್ಯದಿಂದ ಬಸ್ಸಿನಲ್ಲಿ ಬಂದ ಯುವಕನೊಬ್ಬನ ಕ್ಯಾನ್ವಾಸ್ ಬರೆದು ಎರಡು ತಿಂಗಳಾದರೂ ಕೈಗೆ ಅಂಟುತ್ತಿತ್ತು. ಮುಖ ಬಹಳ ಚೆನ್ನಾಗಿ ಬಂದಿತ್ತು, ನೆರಳು-ಬೆಳಕಿನಲ್ಲಿ ತಪ್ಪು ಹುಡುಕಲು ನನಗೇ ಕಷ್ಟವಾಯಿತು. ಯಾವ ಎಣ್ಣೆ ಬೆರೆಸಿದೆ ಎಂದು ಕೇಳಿದೆ. ಅಂಗಡಿಯ ಅಗಸೆ ಎಣ್ಣೆ ಮುಗಿದಿತ್ತು, ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಹಾಕಿದೆ ಎಂದ.

ತೈಲವರ್ಣ ನೀರಿನಂತೆ ಆವಿಯಾಗಿ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಆ ಗುಣ ಕೊಬ್ಬರಿ ಎಣ್ಣೆಗೂ ಹರಳೆಣ್ಣೆಗೂ ಇಲ್ಲ, ಅವು ಎಂದಿಗೂ ಆರುವುದಿಲ್ಲ. ಎಳ್ಳೆಣ್ಣೆ ಅರೆಬರೆ. ಸೀಮೆಎಣ್ಣೆಯಲ್ಲಿ ತೆಳು ಮಾಡಿದರೆ ಜಿಡ್ಡು ಉಳಿಯುತ್ತದೆ. ಕೊಬ್ಬರಿ ಎಣ್ಣೆ ಸೇರಿದ ಪದರಕ್ಕೆ ಮದ್ದಿಲ್ಲ, ಕೆರೆದು ತೆಗೆಯುವುದೊಂದೇ ದಾರಿ. ಅದನ್ನು ಅವನಿಗೆ ಹೇಳುವುದು ನನಗೂ ಕಷ್ಟವಾಯಿತು. ಅವನು ಮಾತಾಡದೆ ಕೇಳಿಸಿಕೊಂಡ. ಮೂರು ತಿಂಗಳ ನಂತರ ಅದೇ ಮುಖವನ್ನು ಹೊಸ ಕ್ಯಾನ್ವಾಸಿನಲ್ಲಿ ಬರೆದು ತಂದ. ಮೊದಲಿನದಕ್ಕಿಂತ ಚೆನ್ನಾಗಿತ್ತು.

ಎಣ್ಣೆ ಸರಿಯಿದ್ದೂ ಅಂಟುತ್ತಿದ್ದರೆ ಎಣ್ಣೆ ಹೆಚ್ಚಾಗಿರಬಹುದು, ಐವರಿ ಕಪ್ಪಿನಂಥ ನಿಧಾನಿ ಬಣ್ಣ ದಪ್ಪಗಿರಬಹುದು, ಅಥವಾ ಮಳೆಗಾಲದ ಮುಚ್ಚಿದ ಕೋಣೆಯಿರಬಹುದು. ಗಾಳಿ, ಬೆಳಕು ಬರುವಲ್ಲಿ ನಿಲ್ಲಿಸಿ ಕಾಯಿರಿ. ಮೇಲ್ಮೈ ಸುಕ್ಕುಗಟ್ಟಿದ್ದರೆ ದಪ್ಪ ಎಣ್ಣೆಯ ಪದರದ ಮೇಲ್ಭಾಗ ಮೊದಲು ಆರಿ ಒಳಗಿನದು ಹಸಿಯಾಗಿ ಉಳಿದಿದೆ ಎಂದರ್ಥ. ಬಿರುಕು ಬಿಟ್ಟಿದ್ದರೆ ಬೇಗ ಆರುವ ತೆಳುಪದರವನ್ನು ನಿಧಾನವಾಗಿ ಆರುವ ಎಣ್ಣೆಪದರದ ಮೇಲೆ ಹಾಕಲಾಗಿದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು, ಇದು ತಪ್ಪಬಾರದ ಕ್ರಮ. ಅಂಬರ್ ಬೇಗ ಆರುವುದರಿಂದಲೇ ಕೆಳಪದರಕ್ಕೆ ಅದನ್ನು ಬಳಸುವುದು.

ಕೂದಲಿನ ಕಪ್ಪು ಬರೆದಾಗ ಹೊಳೆದು, ಆರಿದ ಮೇಲೆ ಬೂದಿ ಬಡಿದಂತಾದರೆ ಅದಕ್ಕೆ ಮತ್ತೆ ಕಪ್ಪು ಬಳಿಯಬೇಡಿ. ಆರಿದ ಜಾಗಕ್ಕೆ ಬೆರಳಿನಿಂದ ಒಂದು ಹನಿ ನೀರು ಸವರಿ. ಒದ್ದೆಯಾದ ಕೂಡಲೇ ಹಳೆಯ ಆಳದ ಕಪ್ಪು ಮರಳಿದರೆ ಬಣ್ಣ ಸರಿಯಾಗಿಯೇ ಇದೆ. ಕೆಳಗಿನ ಲೇಪ ಎಣ್ಣೆಯನ್ನು ಕುಡಿದಿದೆ, ಅಷ್ಟೆ. ಅಗಸೆ ಎಣ್ಣೆಗೆ ಸಮಪಾಲು ಟರ್ಪೆಂಟೈನ್ ಸೇರಿಸಿ ತೀರ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಹತ್ತಿಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಮುಂದಿನ ಸಲ ಅಂಗಡಿಯ ಕ್ಯಾನ್ವಾಸಿಗೆ ಇನ್ನೊಂದು ಪದರ ಲೇಪ ಹಚ್ಚಿಕೊಳ್ಳಿ. ಎಣ್ಣೆ ಒರೆಸಿದ ಆ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯುವುದು ಮಾತ್ರ ಖಂಡಿತ ಬೇಡ. ಅಗಸೆ ಎಣ್ಣೆ ಆರುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಗೋಡೆಗೆ ಮುಖಮಾಡಿ ತಿಂಗಳುಗಟ್ಟಲೆ ಕತ್ತಲಲ್ಲಿಟ್ಟ ಚಿತ್ರ ಹಳದಿಯಾಗಿದ್ದರೆ ಗಾಬರಿ ಬೇಡ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ, ಕೆಲವು ದಿನ ಹಗಲುಬೆಳಕಿನಲ್ಲಿ, ನೇರ ಬಿಸಿಲು ತಾಗದಂತೆ ಇಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಮಳೆ ಹಿಡಿದ ದಿನ ಹಚ್ಚಿದ ವಾರ್ನಿಷ್ ಹಾಲಿನಂತೆ ಮಸುಕಾಗಬಹುದು. ನಮ್ಮ ಕಡೆ ಜನವರಿ, ಫೆಬ್ರವರಿಯ ಒಣ ಹಗಲು ಇದಕ್ಕೆ ಹೇಳಿ ಮಾಡಿಸಿದ್ದು. ಹಚ್ಚುವ ಮೊದಲು ಕ್ಯಾನ್ವಾಸನ್ನು ತಿರುಗಿಸಿ ಹಿಂಬದಿಯ ಮರದ ಪಟ್ಟಿಯ ಮೇಲೆ ಇದು ನಕಲು ಎಂದು, ಮೂಲ ಕಲಾವಿದನ ಹೆಸರಿನೊಂದಿಗೆ ಬರೆಯಿರಿ. ಅದರ ಕೆಳಗೆ ಯಾವ ಲೇಪ, ಯಾವ ಎಣ್ಣೆ, ಯಾವ ಬಿಳಿ, ಬರೆದು ಮುಗಿಸಿದ ದಿನಾಂಕ ಇವಿಷ್ಟನ್ನೂ ದಾಖಲಿಸಿ. ಐದು ವರ್ಷಗಳ ನಂತರ ಅದೇ ಕೆನ್ನೆಯಲ್ಲಿ ಒಂದು ಬಿರುಕು ಕಂಡರೆ ಎಲ್ಲಿಂದ ಹುಡುಕತೊಡಗಬೇಕು ಎಂಬುದನ್ನು ಆ ನಾಲ್ಕು ಸಾಲುಗಳು ಹೇಳುತ್ತವೆ.